‘ಹಾಲುಗಂಟು, ತಾನಾಗಿ ಕರಗುತ್ತದೆ’ ಎಂದರು. ಮೂರು ತಿಂಗಳಾಯಿತು, ಕರಗಿಲ್ಲ

ಹೊಳೆದಂಡೆ · ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಮಕ್ಕಳ ಶಾಲೆಯ ವಿಷಯಕ್ಕೆ, ಹಪ್ಪಳ ಸಂಡಿಗೆಯ ವಿಷಯಕ್ಕೆ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇಂಥ ವಿಷಯಕ್ಕೆ ಬರೆಯುತ್ತಿರುವುದು ಇದೇ ಮೊದಲು. ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲ್ ಹಿಡಿದು ಕುಳಿತಿದ್ದೇನೆ.

ನನಗೆ 31 ವರ್ಷ. ಹಾಸನದ ಕಡೆಯ ಸಣ್ಣ ಊರು. ಎರಡನೆಯ ಮಗುವಿಗೆ ಹನ್ನೊಂದು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಿದೆ. ಯುಗಾದಿಯ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಎಡಗಡೆ, ಕಂಕುಳಿಗೆ ಹತ್ತಿರದಲ್ಲಿ, ನೆಲ್ಲಿಕಾಯಿಯಷ್ಟು ದಪ್ಪದ ಗಂಟು ಬೆರಳಿಗೆ ಸಿಕ್ಕಿತು. ಅಮ್ಮನಿಗೆ ಹೇಳಿದೆ. ‘ಹಾಲು ಕಟ್ಟಿಕೊಂಡಿದೆ, ತಾನಾಗಿ ಕರಗುತ್ತದೆ’ ಎಂದು ಬಿಸಿನೀರಿನ ಶಾಖ ಕೊಟ್ಟರು, ಬಾಚಣಿಗೆಯಿಂದ ಮೇಲಿನಿಂದ ಕೆಳಕ್ಕೆ ನಯವಾಗಿ ಎಳೆದರು, ಎಲೆಕೋಸಿನ ಎಲೆ ಇಟ್ಟರು. ಅತ್ತೆಯವರು ಮಗುವಿಗೆ ಹಾಲು ಬಿಡಿಸಿ ಮಲ್ಲಿಗೆ ದಂಡೆ ಕಟ್ಟಿಕೋ, ಹಾಲು ಬತ್ತಿದರೆ ಗಂಟೂ ಹೋಗುತ್ತದೆ ಎಂದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು, ಅವರ ಮೇಲೆ ನನಗೆ ದೂರಿಲ್ಲ.

ಪಕ್ಕದ ಊರಿನ ಚಿಕಿತ್ಸಾಲಯಕ್ಕೆ ಹೋದಾಗ ನಾನು ಹೇಳಿದ್ದು ‘ಎದೆಯಲ್ಲಿ ಗಟ್ಟಿಯಾಗಿದೆ, ನೋವಿದೆ’ ಎಂದು. ಬೇರೆ ಮಾತು ಬಾಯಿಗೆ ಬರಲಿಲ್ಲ, ಎದುರಿಗೆ ನಾಲ್ಕು ಜನ ಕುಳಿತಿದ್ದರು. ಕೂಡಲೇ ಒಳಗೆ ಮಲಗಿಸಿ ಇಸಿಜಿ ತೆಗೆದರು. ಆ ತಂತಿಗಳನ್ನು ಅಂಟಿಸಿದ ಹುಡುಗಿಯ ಕೈ ಗಂಟಿನ ಪಕ್ಕದಲ್ಲೇ ಓಡಾಡಿತು. ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೃದಯ ಚೆನ್ನಾಗಿದೆ ಎಂದು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳುಹಿಸಿದರು. ಎರಡನೆಯ ಸಲ ಹೋಗಿ ಬಿಡಿಸಿ ಹೇಳಿದೆ. ವೈದ್ಯರು ಮುಟ್ಟಿ ನೋಡಲಿಲ್ಲ. ಹಾಲುಣಿಸುವ ತಾಯಿ, ಈ ವಯಸ್ಸಿಗೆ ಅದೆಲ್ಲ ಬರುವುದಿಲ್ಲ ಎಂದು ಆ್ಯಂಟಿಬಯೋಟಿಕ್ ಬರೆದರು. ಎರಡು ಸುತ್ತು ಮಾತ್ರೆ ಮುಗಿಯಿತು. ನೋವು ಹೋಯಿತು, ಗಂಟು ಹೋಗಲಿಲ್ಲ.

ಈಗ ಯಾವ ವೈದ್ಯರ ಬಳಿ ಹೋಗಬೇಕು? ಸ್ಕ್ಯಾನ್ ಮಾಡಿಸಿದರೆ ಹಾಲಿಗೆ ತೊಂದರೆಯಾಗುತ್ತದೆಯೇ? ಮಗುವಿಗೆ ಹಾಲು ಬಿಡಿಸಬೇಕೇ? ತಿಳಿದವರು ಹೇಳಿ.

ಕ್ಷಕಿರಣ · ಸೋಮವಾರ ಬೆಳಿಗ್ಗೆ 6:05

ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ರೇಡಿಯಾಲಜಿಸ್ಟ್ ಆಗಿದ್ದೇನೆ. ಕೈಯಿಂದ ಮುಟ್ಟಿ ನೋಡದೆ ಇಲ್ಲಿಂದಲೇ ರೋಗ ಹೇಳಲು ನನಗೂ ಸಾಧ್ಯವಿಲ್ಲ, ಯಾರಿಗೂ ಸಾಧ್ಯವಿಲ್ಲ. ಮುಂದಿನ ಹೆಜ್ಜೆ ಮಾತ್ರ ಸ್ಪಷ್ಟವಾಗಿದೆ.

ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ, ಅಂದರೆ ಸರ್ಜರಿ ಹೊರರೋಗಿ ವಿಭಾಗಕ್ಕೆ ಹೋಗಿ. ಸ್ತನದ ಗಂಟನ್ನು ನೋಡುವವರು ಸರ್ಜನ್ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಹೆರಿಗೆ ವೈದ್ಯರ ಬಳಿ ಹೋಗಿ ಅಲ್ಲಿಂದ ಸುತ್ತಾಡಿ ದಿನ ಕಳೆಯುತ್ತಾರೆ. ಹಾಲುಣಿಸುವವರಿಗೆ ಮೊದಲ ಸ್ಕ್ಯಾನ್ ಅಲ್ಟ್ರಾಸೌಂಡ್. ಅದರಲ್ಲಿ ವಿಕಿರಣವೇ ಇಲ್ಲ. ಅನುಮಾನವಿದ್ದರೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ ಕೂಡ ಮಾಡುತ್ತಾರೆ, ಅದರಿಂದಲೂ ಹಾಲು ಕೆಡುವುದಿಲ್ಲ. ಸ್ಕ್ಯಾನ್‌ಗೆ ಒಳಗೆ ಹೋಗುವ ಮುಂಚೆ ಮಗುವಿಗೆ ಹಾಲು ಕುಡಿಸಿ ಹೋಗಿ. ಎದೆ ಹಗುರವಾಗಿದ್ದರೆ ನಮಗೆ ಚಿತ್ರ ಚೆನ್ನಾಗಿ ಸಿಗುತ್ತದೆ, ನಿಮಗೂ ಒತ್ತಿದಾಗ ನೋವು ಕಡಿಮೆ. ಹಾಲು ಬಿಡಿಸುವ ಅಗತ್ಯವಿಲ್ಲ.

ಹಾಲುಣಿಸುವ ಕಾಲದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಲು ತುಂಬಿದ ಚೀಲದಂಥ ಗಂಟು, ಕೀವುಗಟ್ಟಿದ ಬಾವು, ಬಸುರಿ ಬಾಣಂತಿಯರಲ್ಲೇ ಬರುವ ಒಂದು ಬಗೆಯ ನಿರುಪದ್ರವಿ ಗಡ್ಡೆ, ಫೈಬ್ರೊಅಡಿನೋಮ ಎಂಬ ಜಾರುವ ನಿರುಪದ್ರವಿ ಗಡ್ಡೆ, ಹೀಗೆ ಹಲವು. ನಮ್ಮ ದೇಶದಲ್ಲಿ ಸ್ತನಕ್ಕೆ ಕ್ಷಯವೂ ಬರುತ್ತದೆ, ಅದನ್ನೂ ಕಂಡಿದ್ದೇನೆ. ಆದರೆ ‘ಹೆಚ್ಚಿನವು’ ಎಂಬುದು ನಿಮ್ಮ ಗಂಟಿಗೆ ಕೊಟ್ಟ ಪ್ರಮಾಣಪತ್ರವಲ್ಲ. ಆ್ಯಂಟಿಬಯೋಟಿಕ್ ಮುಗಿದ ಮೇಲೂ ಉಳಿದ ಗಂಟಿಗೆ ಸ್ಕ್ಯಾನ್ ಆಗಲೇಬೇಕು. ನಮ್ಮಲ್ಲಿ ಇದನ್ನು ಮೂರು ಪರೀಕ್ಷೆಗಳ ಕಟ್ಟು ಎನ್ನುತ್ತೇವೆ: ಕೈಯಿಂದ ಪರೀಕ್ಷೆ, ಸ್ಕ್ಯಾನ್, ಬೇಕಾದರೆ ಸೂಜಿಯಿಂದ ಚೂರು ತೆಗೆದು ನೋಡುವುದು. ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು. ಒಂದು ಬೇರೆ ರಾಗ ಹಾಡಿದರೂ ಮತ್ತೆ ಹುಡುಕಬೇಕು.

ವರದಿಯ ಕೊನೆಯಲ್ಲಿ ಬೈರಾಡ್ಸ್ ಎಂದು ಬರೆದು ಒಂದು ಅಂಕಿ ಹಾಕಿರುತ್ತಾರೆ. 2 ಎಂದರೆ ನಿರುಪದ್ರವಿ. 3 ಎಂದರೆ ಬಹುಪಾಲು ನಿರುಪದ್ರವಿ, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರುವುದಿಲ್ಲ, ಆರು ತಿಂಗಳಿಗೆ ಮತ್ತೆ ನೋಡಬೇಕು. 4 ಮತ್ತು 5 ಎಂದರೆ ಬಯಾಪ್ಸಿ, ಅಂದರೆ ಚೂರು ತೆಗೆದು ನೋಡುವುದು. ಆ ಅಂಕಿಯನ್ನು ಕೇಳಿ ತಿಳಿದುಕೊಳ್ಳಿ.

ಕೆಂಡಸಂಪಿಗೆ · ಸೋಮವಾರ ಬೆಳಿಗ್ಗೆ 9:48

ಹೊಳೆದಂಡೆ, ನಿನ್ನನ್ನು ತಂಗಿ ಎಂದೇ ಕರೆಯುತ್ತೇನೆ. ನನಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ 34. ಈಗ 41. ಬದುಕಿದ್ದೇನೆ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿದ್ದು ಏಕೆಂದರೆ ಮುಂದಿನದನ್ನು ಓದುವಾಗ ನಿನಗೆ ಭಯವಾಗಬಾರದು.

ನನ್ನ ಗಂಟನ್ನು ಒಬ್ಬ ವೈದ್ಯರು ಕೊಬ್ಬಿನ ಗಡ್ಡೆ ಎಂದರು. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅರ್ಧ ದಿನದಲ್ಲಿ ತೆಗೆದೂ ಬಿಟ್ಟರು. ಸ್ಕ್ಯಾನ್ ಇಲ್ಲ, ಸೂಜಿ ಪರೀಕ್ಷೆ ಇಲ್ಲ. ತೆಗೆದ ಗಡ್ಡೆಯನ್ನು ಒಂದು ಸ್ಟೀಲ್ ಬಟ್ಟಲಿನಲ್ಲಿಟ್ಟು ನನ್ನ ಗಂಡನಿಗೆ ತೋರಿಸಿದರಂತೆ. ಅಡಿಕೆಯಂತೆ ಬಿಳಿ-ಕಂದು ಬಣ್ಣವಿತ್ತು ಎಂದು ಅವರು ಈಗಲೂ ನೆನೆಸಿಕೊಳ್ಳುತ್ತಾರೆ. ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಪ್ರಯೋಗಾಲಯಕ್ಕೆ ಕಳುಹಿಸಲೇ ಇಲ್ಲ. ಎಂಟು ತಿಂಗಳ ನಂತರ ಅದೇ ಹೊಲಿಗೆಯ ಕೆಳಗೆ ಮತ್ತೆ ಗಟ್ಟಿಯಾಯಿತು, ಕಂಕುಳಲ್ಲಿ ಇನ್ನೊಂದು ಬಂತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸರ್ಜನ್ ಕೇಳಿದ ಮೊದಲ ಪ್ರಶ್ನೆ: ‘ಮೊದಲು ತೆಗೆದದ್ದರ ಬಯಾಪ್ಸಿ ವರದಿ ಎಲ್ಲಿ?’ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎಂಟು ತಿಂಗಳು. ನನ್ನ ಕೋಪ ಇನ್ನೂ ಆರಿಲ್ಲ. ಇದನ್ನು ಓದುವ ಪ್ರತಿಯೊಬ್ಬರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಏನೆಂದು ಗೊತ್ತಾಗುವ ಮೊದಲು ಗಂಟನ್ನು ಕತ್ತರಿಸಿ ತೆಗೆಯಲು ಬಿಡಬೇಡಿ. ಮೊದಲು ಸೂಜಿ, ಆಮೇಲೆ ಕತ್ತಿ. ಯಾವ ಕಾರಣಕ್ಕೆ ತೆಗೆದರೂ, ತೆಗೆದದ್ದು ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ತುಂಬಿದ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಹೋಗಬೇಕು. ನೀರಿನಲ್ಲೋ ಬರಿಯ ಪ್ಲಾಸ್ಟಿಕ್ ಚೀಲದಲ್ಲೋ ಅಲ್ಲ.

ಕ್ಷಕಿರಣ · ಸೋಮವಾರ ಬೆಳಿಗ್ಗೆ 10:15

ಕೆಂಡಸಂಪಿಗೆ ಅವರು ಹೇಳಿದ್ದು ಅಪರೂಪದ ಘಟನೆಯಲ್ಲ ಎಂಬುದೇ ದುಃಖ. ಫಾರ್ಮಲಿನ್‌ನಲ್ಲಿ ಸರಿಯಾಗಿ ಇಟ್ಟ ಚೂರಿನಿಂದ ಮಾತ್ರ ಕ್ಯಾನ್ಸರ್ ಕಣಗಳಲ್ಲಿರುವ ಇಆರ್, ಪಿಆರ್, ಹರ್‌-2 ಎಂಬ ಗುರುತುಗಳನ್ನು ಸರಿಯಾಗಿ ನೋಡಲು ಸಾಧ್ಯ. ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದು ಆ ಗುರುತುಗಳ ಮೇಲೆ ನಿಂತಿದೆ. ಮೂರೂ ಇಲ್ಲದ್ದನ್ನು ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ, ಅದು ಎಳೆಯ ವಯಸ್ಸಿನವರಲ್ಲಿ ಹೆಚ್ಚು ಕಾಣುತ್ತದೆ.

ತುಂತುರು_22 · ಸೋಮವಾರ ಮಧ್ಯಾಹ್ನ 1:30

ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಹೋದ ವರ್ಷ ನನಗೂ ಒಂದು ಗಂಟು ಕಾಣಿಸಿತು. ಹಿತಕಿದ ಅವರೆಕಾಳು ಮಾಡುವಾಗ ನೆನೆದ ಕಾಳು ಬೆರಳಿನಿಂದ ಪಕ್ಕಕ್ಕೆ ಜಾರುತ್ತದಲ್ಲ, ಹಾಗೆ. ಒತ್ತಿದರೆ ಓಡುತ್ತಿತ್ತು. ಹಾಸ್ಟೆಲಿನಲ್ಲಿ ಒಂದು ವಾರ ನಿದ್ರೆ ಮಾಡಲಿಲ್ಲ. ಅಲ್ಟ್ರಾಸೌಂಡ್, ಆಮೇಲೆ ಸೂಜಿ ಪರೀಕ್ಷೆ, ಎರಡರಲ್ಲೂ ಫೈಬ್ರೊಅಡಿನೋಮ ಎಂದು ಬಂತು. ತೆಗೆಯಬೇಕಾಗಿಲ್ಲ, ಬೆಳೆದರೆ ನೋಡೋಣ ಎಂದರು. ಈಗಲೂ ಇದೆ, ಅಷ್ಟೇ ಇದೆ. ಅಂದರೆ ಓಡುವ ಗಂಟು ಒಳ್ಳೆಯದು, ಓಡದ ಗಂಟು ಕೆಟ್ಟದ್ದು, ನೋವಿದ್ದರೆ ಭಯವಿಲ್ಲ ಎಂದು ತಿಳಿಯಬಹುದೇ?

ಕ್ಷಕಿರಣ · ಸೋಮವಾರ ಮಧ್ಯಾಹ್ನ 2:10

ಹಾಗೆ ತಿಳಿಯಬೇಡಿ. ಹದಿನೈದರಿಂದ ಮೂವತ್ತೈದರ ನಡುವೆ ಫೈಬ್ರೊಅಡಿನೋಮ ಬಹಳ ಸಾಮಾನ್ಯ, ಜಾರುವುದು ಅದರ ಗುಣ, ನಿಜ. ಆದರೆ ನುಣ್ಣಗೆ ದುಂಡಗೆ ಜಾರುವ ಕ್ಯಾನ್ಸರ್‌ಗಳನ್ನೂ ನೋಡಿದ್ದೇನೆ, ಬಂಡೆಯಂತೆ ಗಟ್ಟಿಯಾಗಿದ್ದು ಕೊನೆಗೆ ಏನೂ ಅಲ್ಲದ್ದನ್ನೂ ನೋಡಿದ್ದೇನೆ. ನೋವಿನ ವಿಷಯವೂ ಹಾಗೆಯೇ. ಮುಟ್ಟಿನ ಮೊದಲು ಎರಡೂ ಕಡೆ ಭಾರವಾಗಿ ನೋಯುವುದು ಹಾರ್ಮೋನಿನ ಏರಿಳಿತ. ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ, ಆದ್ದರಿಂದಲೇ ‘ನೋವಿಲ್ಲವಲ್ಲ’ ಎಂದು ಜನ ಸುಮ್ಮನಾಗುತ್ತಾರೆ. ಹಾಗೆಂದು ನೋವಿದೆ ಎಂದಮಾತ್ರಕ್ಕೆ ಕ್ಯಾನ್ಸರ್ ಅಲ್ಲ ಎಂದೂ ಆಗುವುದಿಲ್ಲ. ನಿಮ್ಮ ಗಂಟನ್ನು ಮೂರೂ ರೀತಿಯಲ್ಲಿ ನೋಡಿ ಹೇಳಿದ್ದಾರೆ, ನೀವು ನೆಮ್ಮದಿಯಿಂದ ಇರಬಹುದು.

ಆಶಾ ಅಕ್ಕ · ಸೋಮವಾರ ರಾತ್ರಿ 8:55

ಗದಗ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೇನೆ. ಮೂವತ್ತು ದಾಟಿದವರ ಮನೆಮನೆಗೆ ಹೋಗಿ ನಾವು ಒಂದು ಫಾರಂ ತುಂಬುತ್ತೇವೆ. ಅದರಲ್ಲಿ ಹೆಂಗಸರಿಗೆ ಸ್ತನದ ಬಗ್ಗೆ ಮೂರು ಪ್ರಶ್ನೆಗಳಿವೆ: ಸ್ತನದಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬೆರೆತ ದ್ರವ ಬರುತ್ತಿದೆಯೇ, ಆಕಾರ ಗಾತ್ರ ಬದಲಾಗಿದೆಯೇ. ಪಡಸಾಲೆಯಲ್ಲಿ ಅತ್ತೆ, ಮಾವ, ಮೈದುನ ಕುಳಿತಿರುವಾಗ ಕೇಳಿದರೆ ಎಲ್ಲರ ಉತ್ತರವೂ ‘ಇಲ್ಲ’. ಅದಕ್ಕೆ ನಾನು ಆ ಮೂರು ಪ್ರಶ್ನೆಗಳನ್ನು ಪಡಸಾಲೆಯಲ್ಲಿ ಕೇಳುವುದನ್ನೇ ಬಿಟ್ಟಿದ್ದೇನೆ. ನಳದ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಬ್ಬರೇ ಇದ್ದಾಗ ಕೇಳುತ್ತೇನೆ. ಒಮ್ಮೆ ಒಬ್ಬಳು ಸೋಪು ಹಚ್ಚಿದ ಕೈಯಲ್ಲೇ ನನ್ನ ಕೈ ಹಿಡಿದು ಕುಪ್ಪಸದ ಮೇಲೆ ಇಟ್ಟುಕೊಂಡಳು. ಬಾಯಿಂದ ಒಂದು ಮಾತೂ ಬರಲಿಲ್ಲ.

ಇಸಿಜಿ ವಿಷಯ ಓದಿ ನನಗೆ ಅಳು ಬಂತು. ಏಕೆಂದರೆ ಇಲ್ಲೂ ಹಾಗೆಯೇ ಆಗುತ್ತದೆ. ಎದೆ ಎಂದರೆ ಹೃದಯ, ಎದೆ ಎಂದರೆ ಪುಪ್ಪುಸ, ಎದೆ ಎಂದರೆ ಧೈರ್ಯ, ಎದೆ ಎಂದರೆ ಮೊಲೆ. ಮೊಲೆಹಾಲು, ಮೊಲೆಗೂಸು ಎಂದು ಹೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಹಾಲೂ ಮಗುವೂ ಇಲ್ಲದೆ ಬರಿಯ ಆ ಪದ ಹೇಳಿದರೆ ಕೆಟ್ಟ ಮಾತು ಆಡಿದಂತೆ ತಲೆ ತಗ್ಗಿಸುತ್ತಾರೆ. ‘ಮಗು ಹಾಲು ಕುಡಿಯುವ ಜಾಗದಲ್ಲಿ ಗಂಟು’ ಎಂದು ಹೇಳಿ ಎಂದು ನಾನು ಕಲಿಸಿಕೊಡುತ್ತೇನೆ. ಯಾವ ವೈದ್ಯರೂ ಅದಕ್ಕೆ ಇಸಿಜಿ ತೆಗೆಯುವುದಿಲ್ಲ.

ಕರಿಹಲಗೆ · ಮಂಗಳವಾರ ಬೆಳಿಗ್ಗೆ 7:30

ಪದವಿಪೂರ್ವ ಕಾಲೇಜಿನ ಅಧ್ಯಾಪಕ. ಗಂಡಸು ಇಲ್ಲಿ ಬರೆಯಬಹುದೇ ಎಂದು ಹಿಂಜರಿದೆ, ಆದರೂ ಬರೆಯುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರು 36ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದಿನದಿಂದ ನನ್ನ ಅಭಿಪ್ರಾಯ ಒಂದೇ: ಪಿಯುಸಿ ಹುಡುಗಿಯರಿಗೆಲ್ಲ ತಿಂಗಳಿಗೊಮ್ಮೆ ತಾವೇ ಪರೀಕ್ಷಿಸಿಕೊಳ್ಳುವುದನ್ನು ಕಡ್ಡಾಯವಾಗಿ ಕಲಿಸಬೇಕು, 25 ದಾಟಿದವರಿಗೆಲ್ಲ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಸರ್ಕಾರವೇ ಮಾಡಿಸಬೇಕು. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಪತ್ತೆಯಾಯಿತು, 98 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಇನ್ನು ಯಾವುದಕ್ಕೆ ಕಾಯುತ್ತಿದ್ದೇವೆ?

ಕ್ಷಕಿರಣ · ಮಂಗಳವಾರ ರಾತ್ರಿ 9:40

ಕರಿಹಲಗೆ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೀವು ಕೇಳುತ್ತಿರುವ ಎರಡನ್ನೂ ನಾನು ಒಪ್ಪಲಾರೆ, ಕಾರಣ ಹೇಳುತ್ತೇನೆ.

ಎಳೆಯ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿ ಹೆಚ್ಚು. ಮ್ಯಾಮೋಗ್ರಾಂನಲ್ಲಿ ಗ್ರಂಥಿಯೂ ಬಿಳಿ, ಗಡ್ಡೆಯೂ ಬಿಳಿ. ಆಗುಂಬೆಯ ಮಂಜಿನಲ್ಲಿ ಬಿಳಿ ಸೀರೆ ಉಟ್ಟವಳನ್ನು ಹುಡುಕಿದಂತೆ. ಇರುವುದು ಕಾಣುವುದಿಲ್ಲ, ಇಲ್ಲದ್ದು ಇದ್ದಂತೆ ಕಾಣುತ್ತದೆ. ‘ಮ್ಯಾಮೋಗ್ರಾಂ ಸರಿಯಾಗಿದೆ’ ಎಂಬ ಕಾಗದ ಹಿಡಿದು 28ರ ಹುಡುಗಿ ಗಂಟನ್ನು ಮರೆತುಬಿಟ್ಟರೆ ಅದು ಉಪಕಾರವಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ವಯಸ್ಸನ್ನು ಇಳಿಸಿದ್ದೂ 40ಕ್ಕೆ, 25ಕ್ಕಲ್ಲ. ಬ್ರಿಟನ್‌ನಲ್ಲಿ ಎಲ್ಲರನ್ನೂ ಕರೆಯುವುದು ಐವತ್ತರ ನಂತರವೇ.

ಸ್ವಪರೀಕ್ಷೆಯ ವಿಷಯ. ಚೀನಾದ ಶಾಂಘೈನಲ್ಲಿ 1989ರಿಂದ ಜವಳಿ ಗಿರಣಿಗಳ 2,66,064 ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಅರ್ಧ ಜನರಿಗೆ ಸ್ವಪರೀಕ್ಷೆಯನ್ನು ಶಿಸ್ತಾಗಿ ಕಲಿಸಿದರು, ಮತ್ತೆ ಮತ್ತೆ ನೆನಪಿಸಿದರು. 2002ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪುಗಳಲ್ಲಿ ಸ್ತನ ಕ್ಯಾನ್ಸರ್‌ನಿಂದಾದ ಸಾವು ಹೆಚ್ಚುಕಡಿಮೆ ಒಂದೇ. ಹೆಚ್ಚಾದದ್ದು ನಿರುಪದ್ರವಿ ಗಂಟುಗಳ ಬಯಾಪ್ಸಿ ಮಾತ್ರ.

ನಮ್ಮ ದೇಶದ್ದೇ ಉತ್ತರವೂ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳ 35ರಿಂದ 64 ವರ್ಷದ ಒಂದೂವರೆ ಲಕ್ಷ ಹೆಂಗಸರಲ್ಲಿ ಅಧ್ಯಯನ ಆರಂಭಿಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಒಂದು ಗುಂಪಿನವರನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಪರೀಕ್ಷೆಗೆ ಒಳಗಾದವರಲ್ಲಿ ಕಾಯಿಲೆ ಬೇಗನೆ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯಿತು. ಐವತ್ತರ ಒಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಯಂತ್ರವಿಲ್ಲದೆ, ಕೈಬೆರಳುಗಳಿಂದ ಇಷ್ಟು. ಆಶಾ ಅಕ್ಕನಂಥವರ ಕೆಲಸದ ಬೆಲೆ ಇದು.

ಕೆಂಡಸಂಪಿಗೆ · ಮಂಗಳವಾರ ರಾತ್ರಿ 10:22

ಡಾಕ್ಟರೇ, ಅಂಕಿ ಅಂಶ ಸರಿಯಿರಬಹುದು. ಆದರೆ ನನ್ನ ಎರಡನೆಯ ಗಂಟನ್ನು ಕಂಡುಹಿಡಿದದ್ದು ಯಂತ್ರವಲ್ಲ, ನರ್ಸಲ್ಲ, ನಾನು. ಸ್ನಾನದ ಮನೆಯಲ್ಲಿ ನನ್ನ ಈ ಬೆರಳುಗಳು. ಸ್ವಪರೀಕ್ಷೆಯಿಂದ ಪ್ರಯೋಜನವಿಲ್ಲ ಎಂಬ ಮಾತನ್ನು ಹಳ್ಳಿಯ ಹುಡುಗಿ ಓದಿದರೆ ಮುಟ್ಟಿಕೊಳ್ಳುವುದನ್ನೇ ಪಾಪ ಎಂದುಕೊಂಡು ಬಿಡುತ್ತಾಳೆ. ಮೂವತ್ತರ ಹುಡುಗಿಗೆ ನೀವು ಮ್ಯಾಮೋಗ್ರಾಂ ಬೇಡ ಎನ್ನುತ್ತೀರಿ, ಸ್ವಪರೀಕ್ಷೆ ಬೇಡ ಎನ್ನುತ್ತೀರಿ. ಹಾಗಾದರೆ ಅವಳಿಗೆ ಉಳಿದದ್ದೇನು?

ಕ್ಷಕಿರಣ · ಬುಧವಾರ ಬೆಳಿಗ್ಗೆ 5:50

ರಾತ್ರಿಯೆಲ್ಲ ನಿಮ್ಮ ಪ್ರಶ್ನೆ ತಲೆಯಲ್ಲಿತ್ತು. ನಾನು ಬರೆದದ್ದು ಅರ್ಧವಾಯಿತು, ಒಪ್ಪುತ್ತೇನೆ.

ಕ್ಯಾಲೆಂಡರ್ ನೋಡಿ ತಿಂಗಳು ತಿಂಗಳು ಒಂದು ವಿಧಿಯಂತೆ ಹುಡುಕುವುದಕ್ಕೆ ಪುರಾವೆಯಿಲ್ಲ ಎಂದದ್ದು ನಿಜ. ಆದರೆ ತನ್ನ ಮೈಯ ಸಹಜ ಸ್ಥಿತಿಯನ್ನು ತಿಳಿದಿರುವುದು ಬೇರೆ. ಸ್ನಾನ ಮಾಡುವಾಗ, ಎಣ್ಣೆ ಹಚ್ಚುವಾಗ, ಬಟ್ಟೆ ಬದಲಿಸುವಾಗ ನೋಡಿಕೊಂಡರೆ, ಮುಟ್ಟಿಕೊಂಡರೆ ಸಾಕು. ಎಡ ಬಲ ಎಂದೂ ಸಮನಾಗಿರುವುದಿಲ್ಲ, ಕೆಲವರಿಗೆ ಸಹಜವಾಗಿಯೇ ರಾಗಿಮುದ್ದೆಯಲ್ಲಿ ಗಂಟು ಉಳಿದಂತೆ ಒಳಗೆಲ್ಲ ಗಂಟುಗಂಟು. ಅದು ಅವರ ಮೈಯ ಸ್ವಭಾವ. ಮುಟ್ಟಾದ ಏಳರಿಂದ ಹತ್ತನೆಯ ದಿನದೊಳಗೆ ಬಿಗಿತ ಕಡಿಮೆ ಇರುವುದರಿಂದ ಆಗ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಹೊಸದಾಗಿ ಬಂದ ಗಂಟು, ಒಂದು ಕಡೆ ಮಾತ್ರ ದಪ್ಪವಾದದ್ದು, ಮೊದಲು ಹೊರಗಿದ್ದ ತೊಟ್ಟು ಒಳಗೆ ಸೇದಿಕೊಂಡದ್ದು, ಒತ್ತದೆಯೇ ಒಂದೇ ಕಡೆಯಿಂದ ರಕ್ತ ಅಥವಾ ತಿಳಿನೀರು ಬರುವುದು, ಚರ್ಮ ಕಿತ್ತಳೆ ಸಿಪ್ಪೆಯಂತೆ ಕುಳಿಕುಳಿಯಾದದ್ದು, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿ, ಕಂಕುಳ ಗಂಟು: ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು. ಬಾಣಂತಿಯರಿಗೆ ಇನ್ನೊಂದು ಮಾತು. ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುವ ಒಂದು ಬಗೆಯ ಕ್ಯಾನ್ಸರ್ ಹಾಲಿನ ಬಾವಿನಂತೆಯೇ ಕಾಣುತ್ತದೆ. ಔಷಧಿಗೆ ಇಳಿಯದ ಬಾವನ್ನು ಬಾವು ಎಂದು ನಂಬಿ ಕೂರಬಾರದು.

ಲಂಡನ್ನಿನ ಕಿಟಕಿ · ಬುಧವಾರ ಮಧ್ಯಾಹ್ನ 3:15

ಭಾರತದಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂದು ಎಲ್ಲ ಕಡೆ ಓದುತ್ತೇನೆ. ನಮ್ಮ ಆಹಾರದಲ್ಲೋ ರಕ್ತದಲ್ಲೋ ಏನಾದರೂ ದೋಷವಿದೆಯೇ? ಒಳಕುಪ್ಪಸ ಬಿಗಿಯಾದರೆ ಬರುತ್ತದೆ, ಮೊಬೈಲ್ ಅಲ್ಲಿಟ್ಟುಕೊಂಡರೆ ಬರುತ್ತದೆ ಎಂದು ನನ್ನ ಚಿಕ್ಕಮ್ಮ ದಿನಕ್ಕೊಂದು ವಿಡಿಯೊ ಕಳುಹಿಸುತ್ತಾರೆ.

ಕ್ಷಕಿರಣ · ಬುಧವಾರ ರಾತ್ರಿ 9:05

ಒಳಕುಪ್ಪಸದಿಂದ ಬರುವುದಿಲ್ಲ. ಮೊಬೈಲ್ ಬಗೆಗೂ ಅಂಥ ಪುರಾವೆಯಿಲ್ಲ.

ರೋಗಿಗಳ ಸರಾಸರಿ ವಯಸ್ಸು ಇಲ್ಲಿ ಕಡಿಮೆ ಎಂಬುದು ನಿಜ. ಅದಕ್ಕೆ ದೊಡ್ಡ ಕಾರಣ ನಮ್ಮ ಜನಸಂಖ್ಯೆಯೇ ಎಳೆಯದು. ಮೂವತ್ತು ನಲವತ್ತರ ಹೆಂಗಸರು ಕೋಟಿಗಟ್ಟಲೆ ಇರುವಾಗ ಆ ವಯಸ್ಸಿನ ರೋಗಿಗಳೂ ಹೆಚ್ಚಾಗಿ ಕಣ್ಣಿಗೆ ಬೀಳುತ್ತಾರೆ. ವಯಸ್ಸು ಹೆಚ್ಚಿದಂತೆ ಅಪಾಯ ಹೆಚ್ಚು ಎಂಬುದು ಇಲ್ಲೂ ಸತ್ಯ. ಎಳೆಯರಲ್ಲಿ ಅಪಾಯ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ಹಾಲುಣಿಸುವುದು ತಕ್ಕಮಟ್ಟಿನ ರಕ್ಷಣೆ ಕೊಡುತ್ತದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2002ರಲ್ಲಿ ಹೇಳಿದ್ದು, ಹಾಲುಣಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಅಪಾಯ ನೂರಕ್ಕೆ 4.3ರಷ್ಟು ಇಳಿಯುತ್ತದೆ ಎಂದು. ಅದು ಕವಚವಲ್ಲ. ಹಾಲುಣಿಸುವವಳಿಗೆ ಬರುವುದಿಲ್ಲ ಎಂದು ಹೊಳೆದಂಡೆ ಅವರಿಗೆ ಹೇಳಿದ ವೈದ್ಯರು ಎಡವಿದ್ದು ಇಲ್ಲೇ.

ದೊಡ್ಡಮ್ಮನ ಮಗಳು · ಗುರುವಾರ ಬೆಳಿಗ್ಗೆ 8:12

ನನ್ನ ತಾಯಿಗೆ 38ಕ್ಕೆ ಸ್ತನ ಕ್ಯಾನ್ಸರ್. ದೊಡ್ಡಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಮನೆಯಲ್ಲಿ ಶಾಪ ಎಂದರು, ಹರಕೆ ಹೊತ್ತರು. ನನಗೆ 27 ಆದಾಗ ಒಬ್ಬ ಸರ್ಜನ್ ಕಾಗದ ತೆಗೆದುಕೊಂಡು ನಮ್ಮ ವಂಶವೃಕ್ಷ ಬರೆದರು. ಮದುವೆ ಮಾತುಕತೆಗೆ ಬರೆಯುತ್ತಾರಲ್ಲ, ಅಂಥದ್ದೇ. ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಒಂದೊಂದೇ ಕೊಂಬೆಗೆ ಬರೆಯುತ್ತಾ ಹೋದರು. ಬಳಿಕ ರಕ್ತ ಪರೀಕ್ಷೆ. ಬಿಆರ್‌ಸಿಎ-1 ಎಂಬ ಜೀನಿನಲ್ಲಿ ದೋಷವಿದೆ ಎಂದು ಬಂತು. 1994ರಲ್ಲಿ ಗುರುತಿಸಿದ ಜೀನು ಅದು. ನಟಿ ಏಂಜಲೀನಾ ಜೋಲಿ 2013ರಲ್ಲಿ ತಮಗೂ ಅದೇ ದೋಷವಿದೆ ಎಂದು ಬಹಿರಂಗಪಡಿಸಿದ ಮೇಲೆ ಜನರ ಬಾಯಿಗೆ ಬಂತು.

ಇಂಥವರಿಗೆ ಲೆಕ್ಕ ಬೇರೆ. ನನಗೆ ವರ್ಷಕ್ಕೊಮ್ಮೆ ಎಂಆರ್‌ಐ, ಮೂವತ್ತರಿಂದ ಮ್ಯಾಮೋಗ್ರಾಂ ಕೂಡ. ಮುಂದೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಅವಸರವಿಲ್ಲದೆ ಯೋಚಿಸುತ್ತಿದ್ದೇನೆ. ಒಂದು ಮಾತು ಎಲ್ಲರಿಗೂ ತಲುಪಲಿ: ಈ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ಸೋದರತ್ತೆಯ ಕಾಯಿಲೆಯನ್ನು ‘ಅದು ಅಪ್ಪನ ಮನೆತನದ್ದು’ ಎಂದು ಬಿಟ್ಟುಬಿಡಬೇಡಿ. ಹಾಗೆಯೇ ಮನೆಯಲ್ಲಿ ಯಾರಿಗೂ ಇಲ್ಲ ಎಂದು ನಿಶ್ಚಿಂತೆಯಿಂದಲೂ ಇರಬೇಡಿ. ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ ಎಂದು ನನ್ನ ಆಪ್ತಸಮಾಲೋಚಕರು ತಿಳಿಸಿದರು.

ಬಯಲುಗಾಳಿ · ಶುಕ್ರವಾರ ರಾತ್ರಿ 11:50

ನನ್ನ ಹೆಂಡತಿಗೆ 29. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ನಾಲ್ಕನೆಯ ಕೀಮೊ ಮೊನ್ನೆ ಮುಗಿಯಿತು. ಕೆಂಪು ಬಣ್ಣದ ಔಷಧಿ, ಸಿರಿಂಜಿನಲ್ಲಿ ನೋಡಿದರೆ ಗುಲಾಬಿ ಶರಬತ್ತಿನಂತೆ ಇರುತ್ತದೆ. ಮೊದಲ ದಿನ ಮೂತ್ರ ಕೆಂಪಾದಾಗ ರಕ್ತವೆಂದು ಹೆದರಿ ರಾತ್ರಿ ಆಸ್ಪತ್ರೆಗೆ ಓಡಿದೆವು. ಔಷಧಿಯ ಬಣ್ಣವಷ್ಟೇ, ಒಂದೆರಡು ದಿನ ಇರುತ್ತದೆ ಎಂದರು.

ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಕೀಮೊ ಶುರುವಾಗುವ ಮೊದಲು ಒಬ್ಬ ನರ್ಸ್ ನಮ್ಮನ್ನು ಪಕ್ಕಕ್ಕೆ ಕರೆದು, ಮುಂದೆ ಮಕ್ಕಳು ಬೇಕೇ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಜೀವ ಉಳಿದರೆ ಸಾಕು ಎಂದು ನಾವೂ ಯೋಚಿಸಿರಲಿಲ್ಲ. ಕೀಮೊದಿಂದ ಅಂಡಾಶಯಕ್ಕೆ ಪೆಟ್ಟು ಬೀಳಬಹುದು, ಮೊದಲೇ ಭ್ರೂಣವನ್ನೋ ಅಂಡವನ್ನೋ ಶೈತ್ಯೀಕರಿಸಿ ಇಡಬಹುದು ಎಂದು ಅವರೇ ತಿಳಿಸಿದ್ದು. ಎರಡು ವಾರದ ಕೆಲಸ. ಚಿಕಿತ್ಸೆಗೆ ಧಕ್ಕೆಯಾಗಲಿಲ್ಲ. ಹಾರ್ಮೋನನ್ನು ತಡೆಯುವ ಮಾತ್ರೆ ಐದು ವರ್ಷವಾದರೂ ನುಂಗಬೇಕು. ಆದರೆ 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡ ಮೇಲೆ ಗರ್ಭ ಧರಿಸಲು ಎರಡು ವರ್ಷದವರೆಗೆ ಬಿಡುವು ಪಡೆದವರಲ್ಲಿ ಮೊದಲ ಮೂರು ವರ್ಷ ಕಾಯಿಲೆ ಮರುಕಳಿಸುವುದು ಹೆಚ್ಚಾಗಲಿಲ್ಲವಂತೆ. ನಮ್ಮ ವೈದ್ಯರು ಆ ಕಾಗದ ತೋರಿಸಿದಾಗ ಅವಳು ಎಷ್ಟೋ ವಾರಗಳ ನಂತರ ನಕ್ಕಳು. ಎಳೆಯ ಹೆಂಗಸಿಗೆ ಈ ಕಾಯಿಲೆ ಬಂದರೆ, ಕೀಮೊಗೆ ಮೊದಲು ಈ ಪ್ರಶ್ನೆ ಕೇಳಿ. ಕೀಮೊ ಹತ್ತಿದ ಮೇಲೆ ಕೇಳಿದರೆ ದಾರಿ ಕಿರಿದಾಗುತ್ತದೆ.

ಕೆಂಡಸಂಪಿಗೆ · ಶನಿವಾರ ಬೆಳಿಗ್ಗೆ 6:40

ಬಯಲುಗಾಳಿ, ಅವಳಿಗೆ ಬಿಸಿ ಗಂಜಿ, ಉಪ್ಪು, ಸ್ವಲ್ಪ ನಿಂಬೆರಸ ಕೊಟ್ಟು ನೋಡಿ. ಬಾಯಿ ಕಹಿಯಾದಾಗ ನನಗೆ ರುಚಿಸಿದ್ದು ಅದೊಂದೇ. ಪೂರ್ತಿ ಸ್ತನ ತೆಗೆಯಲೇಬೇಕು ಎಂದು ನೆಂಟರು ಹೆದರಿಸಿದರೆ ಕೇಳಬೇಡಿ. ಗಡ್ಡೆ ಮಾತ್ರ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಬದುಕುವ ಅವಕಾಶ ಅಷ್ಟೇ ಇರುತ್ತದೆ ಎಂದು ದಶಕಗಳ ಹಿಂದೆಯೇ ಸಿದ್ಧವಾಗಿದೆ. ಯಾರಿಗೆ ಯಾವುದು ಎಂದು ಸರ್ಜನ್ ಹೇಳುತ್ತಾರೆ. ಹೊಳೆದಂಡೆ ಎಲ್ಲಿ? ಐದು ದಿನವಾಯಿತು.

ಹೊಳೆದಂಡೆ · ಹದಿನಾರು ದಿನಗಳ ನಂತರ

ಬಂದೆ ಅಕ್ಕ. ಎಲ್ಲರ ಮಾತನ್ನೂ ದಿನಾ ಓದುತ್ತಿದ್ದೆ, ಬರೆಯಲು ಕೈ ಬರಲಿಲ್ಲ.

ಗುರುವಾರ ಗಂಡನ ಜೊತೆ ವೈದ್ಯಕೀಯ ಕಾಲೇಜಿಗೆ ಹೋದೆ. ಚೀಟಿ ಬರೆಯುವವರು ‘ಏನು ತೊಂದರೆ’ ಎಂದಾಗ ಹಿಂದೆ ಉದ್ದ ಸಾಲಿತ್ತು. ‘ಮೊಲೆಯಲ್ಲಿ ಗಂಟು’ ಎಂದೆ. ಅವರು ತಲೆ ಎತ್ತದೆ ‘ಸರ್ಜರಿ, ಹನ್ನೆರಡನೇ ಕೊಠಡಿ’ ಎಂದು ಬರೆದುಕೊಟ್ಟರು. ಅಷ್ಟೇ. ಮೂರು ತಿಂಗಳು ನುಂಗಿಕೊಂಡ ಮಾತು.

ಡಾಕ್ಟರು ಹೇಳಿದಂತೆ ಮಗುವಿಗೆ ಕುಡಿಸಿ ಒಳಗೆ ಹೋದೆ. ಸ್ಕ್ಯಾನ್‌ನಲ್ಲಿ ಬೈರಾಡ್ಸ್ 4 ಎಂದು ಬಂತು, ಮರುದಿನವೇ ಬಯಾಪ್ಸಿ. ಮರಗಟ್ಟುವ ಚುಚ್ಚುಮದ್ದು ಕೊಟ್ಟರು. ಆಮೇಲೆ ಆ ಸಾಧನ ಟಕ್ ಎಂದು ಸದ್ದು ಮಾಡುತ್ತದೆ, ಸದ್ದಿಗೇ ಬೆಚ್ಚಿದೆ, ನೋವಿಗಲ್ಲ. ಐದು ಸಲ ಟಕ್ ಎಂದಿತು. ಕೆಂಡಸಂಪಿಗೆ ಅಕ್ಕನ ಮಾತು ನೆನಪಾಗಿ ಎದ್ದು ಕುಳಿತು ಸೀಸೆ ತೋರಿಸಿ ಎಂದು ಕೇಳಿದೆ. ಮುರಿದ ಶಾವಿಗೆಯಂಥ ಐದು ಬಿಳಿ ಎಳೆಗಳು. ‘ಇದು ಫಾರ್ಮಲಿನ್ ತಾನೇ?’ ಎಂದೆ. ಆ ಎಳೆಯ ವೈದ್ಯೆ ನನ್ನ ಮುಖ ನೋಡಿ, ‘ಹೌದಮ್ಮ, ನಿಮ್ಮ ಹೆಸರೂ ಬರೆದಿದ್ದೇನೆ ನೋಡಿ’ ಎಂದು ಚೀಟಿ ತೋರಿಸಿದರು. ತೂತಿನಿಂದ ಎರಡು ದಿನ ಸ್ವಲ್ಪ ಹಾಲು ಜಿನುಗಿತು, ಆಮೇಲೆ ನಿಂತಿತು.

ವರದಿಗೆ ಎಂಟು ದಿನ. ಆ ಎಂಟು ದಿನ ಹೇಗೆ ಕಳೆದೆ ಎಂದು ಬರೆಯಲಾರೆ. ನಿನ್ನೆ ಬಂತು. ಹಾಲುಣಿಸುವ ಕಾಲದ ಅಡಿನೋಮ, ಕ್ಯಾನ್ಸರ್ ಅಲ್ಲ. ಮಗು ಹಾಲು ಬಿಟ್ಟ ಮೇಲೆ ಕುಗ್ಗಬಹುದು, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ‘ನಾನು ಹೇಳಲಿಲ್ಲವೇ, ಹಾಲಿನದ್ದೇ ಎಂದು’ ಎಂದರು. ಹೌದಮ್ಮ ಎಂದೆ. ಆಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೂ ಬಲಗಡೆ ತೊಟ್ಟು ಒಂದು ವರ್ಷದಿಂದ ಒಳಗೆ ಹೋಗಿದೆ ಎಂದರು. ಅವರಿಗೆ 56. ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ.

ಕ್ಷಕಿರಣ · ಅದೇ ದಿನ ಮಧ್ಯಾಹ್ನ 12:30

ಸೋಮವಾರ ತಪ್ಪಿಸಬೇಡಿ. ಅವರ ವಯಸ್ಸಿಗೆ ಮ್ಯಾಮೋಗ್ರಾಂ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಪಿಎಲ್ ಕಾರ್ಡು, ಆಧಾರ್ ಎರಡನ್ನೂ ಜೊತೆಗೆ ಒಯ್ಯಿರಿ. ಏನೇ ಇದ್ದರೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ದಾರಿಯಿದೆ.

ಆಶಾ ಅಕ್ಕ · ಅದೇ ದಿನ ರಾತ್ರಿ 9:10

ಹೊಳೆದಂಡೆ, ಮುಂದಿನ ವಾರ ನಮ್ಮ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇದೆ. ನೀವು ಬರೆದದ್ದನ್ನು ಅಲ್ಲಿ ಓದಲೇ?

ಹೊಳೆದಂಡೆ · ಅದೇ ದಿನ ರಾತ್ರಿ 9:25

ಓದಿ ಅಕ್ಕ. ಊರಿನ ಹೆಸರು ಬೇಡ. ಇಸಿಜಿಯ ವಿಷಯವನ್ನು ಮಾತ್ರ ಬಿಡಬೇಡಿ.